ಪೆರಿಯಮ್ಮನನ್ನು ಬಿಟ್ಟುಕೊಟ್ಟಿದ್ದು

ಇವತ್ತು ಬೆಳಿಗ್ಗೆ ಸಾರಿಗೆ ಹುಣಸೆಹಣ್ಣು ಕಿವುಚುತ್ತಿದ್ದಾಗ ಬೆರಳಿಗೆ ಬೀಜಗಳು ಸಿಕ್ಕವು. ನೀವಾದರೆ ಎಸೆಯುತ್ತೀರಿ. ನಾನು ತೊಳೆದು, ಒರೆಸಿ, ಕಿಟಕಿಯಲ್ಲಿ ಒಣಗಲು ಇಟ್ಟೆ. ಈ ವಯಸ್ಸಿನಲ್ಲಿ ಹುಣಸೆಬೀಜ ಕೂಡಿಡುವ ಹೆಂಗಸು ಇಡೀ ವಿನೋಬನಗರದಲ್ಲಿ ನಾನೊಬ್ಬಳೇ ಇರಬೇಕು. ಚೌಕಾಬಾರ ಆಡಿದವರಿಗೆ ಗೊತ್ತಿರುತ್ತದೆ, ಬೀಜದ ಒಂದು ಮಗ್ಗುಲನ್ನು ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿದರೆ ಅದೇ ದಾಳ. ನಮ್ಮ ಆಟಕ್ಕೂ ಅದೇ.

ಯಾವ ಆಟ ಅನ್ನುತ್ತೀರಾ? ಸ್ವಲ್ಪ ತಾಳಿ, ಹೇಳುತ್ತೇನೆ. ಮೇಜಿನ ಸುತ್ತ ಕೂತು ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರವಾಗಿ ಮಾತಾಡುತ್ತಾರೆ. ಪಾತ್ರ ಮಾಡಹೊರಟದ್ದು ಆಗುತ್ತದೋ ಕೆಡುತ್ತದೋ ಅನ್ನುವುದನ್ನು ದಾಳ ಹೇಳುತ್ತದೆ. ವೇಷವಿಲ್ಲದ ನಾಟಕ ಅನ್ನಿ, ಮಾತನ್ನು ಯಾರೂ ಮೊದಲೇ ಬರೆದಿಟ್ಟಿರುವುದಿಲ್ಲ.

ಈ ಹುಚ್ಚು ಹಿಡಿಸಿದವಳು ಮಲರ್. ನಮ್ಮ ಆಫೀಸಿನವಳು, ಭದ್ರಾವತಿಯ ಜನ್ನಾಪುರದಿಂದ ದಿನಾ ಬಸ್ಸಿನಲ್ಲಿ ಬರುತ್ತಾಳೆ. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ, ಕಂಡಕ್ಟರ್ ಜೊತೆ ಜಗಳಕ್ಕೆ ಎರಡೂ. ಅವಳು, ನಾನು, ನಮ್ಮ ಯಜಮಾನರು ಸೇರಿ ಮೊದಲು ಆಡಿದ್ದು ಯಾವುದೋ ವಿದೇಶದ ಇಂಗ್ಲಿಷ್ ಆಟ. ಅದು ಎಷ್ಟು ಹಿಡಿಸಿತೆಂದರೆ ಇಡೀ ಪುಸ್ತಕವನ್ನು ಕನ್ನಡಕ್ಕೆ ತಂದೆವು. ಒಂದು ರಾಕ್ಷಸನ ಹೆಸರಿಗಾಗಿ ನಾವು ಗಂಡ ಹೆಂಡತಿ ಮಾತು ಬಿಟ್ಟದ್ದೂ ಉಂಟು. ಎಲ್ಲ ಮುಗಿಸಿ, ಅಚ್ಚುಕಟ್ಟಾಗಿ ಟೈಪ್ ಮಾಡಿ, ಆಮೇಲೆ ಆ ಕಂಪನಿಗೆ ಅನುಮತಿ ಕೇಳಿ ಬರೆದೆವು. ಬಹಳ ವಿನಯದಿಂದ ಆಗುವುದಿಲ್ಲ ಅಂದರು. ಮೊದಲು ಕೇಳಬೇಕು ಅನ್ನುವುದು ನಮ್ಮ ಮೂವರ ತಲೆಗೂ ಹೊಳೆದಿರಲಿಲ್ಲ. ನಮ್ಮ ಕಡೆ ಪಕ್ಕದ ಮನೆಯ ಗಿಡದಿಂದ ಕರಿಬೇವು ಕಿತ್ತುಕೊಂಡು ಆಮೇಲೆ ತಾನೇ ಹೇಳುವುದು?

ಎರಡು ದಿನ ಅನ್ನ ಸೇರಲಿಲ್ಲ ನನಗೆ. ಮೂರನೆಯ ದಿನ ನಿರ್ಧಾರ ಮಾಡಿಬಿಟ್ಟೆ. ನಮ್ಮದೇ ಆಟ ಕಟ್ಟುವುದು, ಅದನ್ನು ಯಾರೂ ಯಾರ ಬಾಗಿಲಲ್ಲೂ ನಿಂತು ಕೇಳಬೇಕಾಗದ ಹಾಗೆ ಬಿಟ್ಟುಕೊಡುವುದು.

ಹಾಗೆ ಹುಟ್ಟಿದ್ದು ಹೊಳೆಯ ಆಟ. ಒಂದು ದೋಣಿ, ಅದರಲ್ಲಿ ನಾವು, ದಾರಿಯುದ್ದಕ್ಕೂ ದಡಗಳು. ಯಾರ ಮನೆಯಲ್ಲಿ ಆಡುತ್ತೇವೋ ಆ ಮನೆಯವರು ಅವತ್ತು ಒಂದು ದಡ ಸೇರಿಸಬೇಕು, ಇದು ನಮ್ಮ ಪದ್ಧತಿ. ನಮ್ಮ ಯಜಮಾನರು ಒಂದು ಸುಂಕದ ಕಟ್ಟೆ ಮಾಡಿದರು, ಅಲ್ಲಿ ಸಹಿ ಹಾಕುವವನು ಯಾವಾಗಲೂ ಊಟಕ್ಕೆ ಹೋಗಿರುತ್ತಾನೆ. ಮಲರ್ ಮಾಡಿದ್ದು ಪೆರಿಯಮ್ಮನ ದಡ.

ಪೆರಿಯಮ್ಮ ಅಂದರೆ ದೊಡ್ಡಮ್ಮ. ಮಲರ್‌ಳ ತಾಯಿ ಕಾರ್ಖಾನೆಯ ಗೇಟಿನ ಹತ್ತಿರ ಇಡ್ಲಿ ಗಾಡಿ ಇಟ್ಟಿದ್ದರು, ಬೀದಿಯ ಮಕ್ಕಳೆಲ್ಲ ಅವರನ್ನು ಕರೆಯುತ್ತಿದ್ದದ್ದು ಹಾಗೆ. ನಾವು ಆಟ ಕಟ್ಟಲು ಕೂರುವ ಹೊತ್ತಿಗೆ ಅವರು ತೀರಿಕೊಂಡು ಕೆಲವೇ ತಿಂಗಳಾಗಿತ್ತು. ಆಟದಲ್ಲಿ ಪೆರಿಯಮ್ಮ ತನ್ನ ದಡಕ್ಕೆ ಬಂದ ದೋಣಿಯವರನ್ನೆಲ್ಲ ಊಟ ಆಯಿತಾ ಅಂತ ಕೇಳುತ್ತಾಳೆ. ಅವಳ ಮುಂದೆ ಯಾರೂ ಸುಳ್ಳು ಹೇಳುವಂತಿಲ್ಲ, ಅದೊಂದೇ ನಿಯಮ. ಆ ಪಾತ್ರವನ್ನು ಮಲರ್ ಬಿಟ್ಟು ಬೇರೆ ಯಾರೂ ಆಡುತ್ತಿರಲಿಲ್ಲ. ಅವಳು ಆ ದನಿಯಲ್ಲಿ ಮಾತು ಶುರು ಮಾಡಿದರೆ ನಾವು ದಾಳ ಹಾಕುವುದನ್ನೂ ಮರೆತು ಕೂರುತ್ತಿದ್ದೆವು.

ಆಟ ಸಿದ್ಧವಾದ ಮೇಲೆ ಲೈಸೆನ್ಸ್ ಆರಿಸುವ ಕೆಲಸ ನನ್ನ ಪಾಲಿಗೆ ಬಂತು. ಗಾಡಿ ಓಡಿಸುವ ಲೈಸೆನ್ಸ್ ಅಲ್ಲ. ನಾವು ಮಾಡಿದ್ದನ್ನು ತೆಗೆದುಕೊಂಡವರು ಏನೇನು ಮಾಡಬಹುದು, ಏನು ಮಾಡಬಾರದು ಅಂತ ಮುಂಚೆಯೇ ಎಲ್ಲರಿಗೂ ಹೇಳಿಬಿಡುವ ಮಾತು. ಅದರಲ್ಲೂ ಹತ್ತಾರು ಜಾತಿ. ನಾನು ಕನ್ನಡಕ ಏರಿಸಿ ಒಂದೊಂದು ಕಲಮನ್ನೂ ಓದುತ್ತಿದ್ದೆ.

"ನಮ್ಮ ಲಗ್ನಪತ್ರಿಕೆನೂ ನೀನು ಇಷ್ಟು ಓದಿರ್ಲಿಲ್ಲ ಮಾರಾಯ್ತಿ" ಅಂದರು ಯಜಮಾನರು.

"ಓದಿದ್ರೆ ಇಲ್ಲಿರ್ತಿದ್ನಾ?" ಅಂದೆ.

ಅವರಿಗೆ ಒಂದೇ ಚಿಂತೆ. "ಯಾವನೋ ಇದನ್ನ ಬಣ್ಣದ ಡಬ್ಬೀಲಿ ಹಾಕಿ ಮಾರ್ಕೊಂಡ್ರೆ? ಮಾರಬಾರದು ಅಂತ ಹಾಕು."

"ಹಂಗೆ ಹಾಕಿದ್ರೆ ಜೆರಾಕ್ಸ್ ಅಂಗಡಿಯವನು ನಾಲ್ಕು ಪುಸ್ತಕ ಮಾಡಿಡಕ್ಕೂ ಹೆದರ್ತಾನೆ. ಮಾರ್ಲಿ ಬಿಡ್ರಿ. ನಮ್ಮ ಹೆಸರು ಹೇಳ್ಬೇಕು, ತಾನು ಬದಲಾಯಿಸಿದ್ದನ್ನೂ ಹಿಂಗೇ ಎಲ್ರಿಗೂ ಬಿಡ್ಬೇಕು. ಅಷ್ಟೇ ನನ್ನ ಷರತ್ತು."

ಅವರು ಗೊಣಗಿ ಒಪ್ಪಿದರು. ಒಪ್ಪದವಳು ಮಲರ್. ಜನ್ನಾಪುರದ ಅವಳ ಮನೆಯಲ್ಲಿ ಕೂತಿದ್ದಾಗ ಮೆಲ್ಲಗೆ ಕೇಳಿದಳು.

"ಅಕ್ಕ, ಒಂದ್ಸಲ ಕೊಟ್ಮೇಲೆ ವಾಪಸ್ ತಗೋಬಹುದಾ?"

"ಆಗಲ್ಲ ಕಣೇ. ತಗೊಂಡೋರ ಹತ್ರ ಅದು ಇದ್ದೇ ಇರುತ್ತೆ."

"ಪೆರಿಯಮ್ಮನ್ನ ಯಾರಾದ್ರೂ ಕಳ್ಳಿ ಮಾಡಿದ್ರೆ? ಊಟಕ್ಕೆ ವಿಷ ಹಾಕೋಳು ಮಾಡಿದ್ರೆ?"

"ಮಾಡ್ಬಹುದು. ನಾವು ತಡೆಯಕ್ಕಾಗಲ್ಲ."

ಅವಳು ಎದ್ದು ಒಳಗೆ ಹೋದಳು. ನನಗೆ ಸಿಟ್ಟು ಬಂತು. ಪೆರಿಯಮ್ಮ ಇಲ್ಲದ ಆಟ ಉಪ್ಪಿಲ್ಲದ ಸಾರು. ಆದರೂ ಅವಳು ಹೊರಗೆ ಬಂದ ಮೇಲೆ ಹೇಳಿದೆ, ಅವಳೊಬ್ಬಳನ್ನು ಹೊರಗಿಟ್ಟು ಉಳಿದದ್ದನ್ನು ಬಿಡೋಣ, ಅದಕ್ಕೂ ದಾರಿಯಿದೆ, ನೀನು ಯೋಚನೆ ಮಾಡಿ ಹೇಳು. ಮನೆಗೆ ಬಂದ ಮೇಲೆ ನಮ್ಮ ಯಜಮಾನರು ಎಲ್ಲಾ ಇಂಟರ್ನೆಟ್ಟಿಗೆ ಹಾಕಿಬಿಡು, ಆಮೇಲೆ ಅವಳೇ ಸರಿಹೋಗುತ್ತಾಳೆ ಅಂದರು. ಕರಿಬೇವಿನ ಬುದ್ಧಿ ಮತ್ತೆ! ಅವಳ ಬಾಯಿಂದ ಮಾತು ಬರುವವರೆಗೆ ಒಂದು ಹಾಳೆಯೂ ಹೊರಗೆ ಹೋಗುವುದಿಲ್ಲ ಅಂತ ಹಟ ಹಿಡಿದು ಕೂತೆ. ಆ ಮಳೆಗಾಲವೆಲ್ಲ ಹಾಗೇ ಕಳೆಯಿತು. ಮಲರ್ ಆಫೀಸಿನಲ್ಲಿ ಎಲ್ಲ ಮಾತಾಡುತ್ತಿದ್ದಳು, ಇದೊಂದನ್ನು ಬಿಟ್ಟು.

ಒಂದು ಸಂಜೆ ಬಸ್ ಸ್ಟ್ಯಾಂಡಿನಲ್ಲಿ, ಭದ್ರಾವತಿ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟುಕೊಂಡು ಅಂದಳು, "ಹಾಕ್ಬಿಡಿ ಅಕ್ಕ. ನನ್ನ ಹತ್ರನೇ ಇಟ್ಕೊಂಡ್ರೆ ನಾನಿರೋವರ್ಗೆ ಅಷ್ಟೇ. ಅಮ್ಮನ ನಿಜವಾದ ಹೆಸರು ಮಾತ್ರ ಬೇಡ, ಅದು ನಂಗಿರ್ಲಿ."

ಹಾಕಿದೆ. ಆಮೇಲೆ ಎಷ್ಟೋ ಕಾಲ ಒಬ್ಬರೂ ತಿರುಗಿ ನೋಡಲಿಲ್ಲ. ಲೋಕಕ್ಕೆ ದಾನ ಮಾಡಿದೆ ಅಂತ ಬೀಗಿದ್ದವಳಿಗೆ ಲೋಕಕ್ಕೆ ಪುರಸೊತ್ತಿಲ್ಲ ಅನ್ನುವುದೂ ಗೊತ್ತಾಯಿತು. ಹೋದ ತಿಂಗಳು ದಾವಣಗೆರೆಯಿಂದ ಒಂದು ಮೆಸೇಜ್ ಬಂತು. ಚಂದ್ರಪ್ಪ ಅಂತ, ಫ್ಯಾನು ಮಿಕ್ಸಿ ರಿಪೇರಿ ಅಂಗಡಿಯವರು. ಗೆಳೆಯರ ಜೊತೆ ನಮ್ಮ ಆಟ ಆಡುತ್ತಾರಂತೆ. ನೆಂಟರ ಮನೆಗೆ ನಮ್ಮೂರಿನ ಗೋಪಾಳಕ್ಕೆ ಬರುವವರಿದ್ದರು, ಹಾಗೇ ನಮ್ಮಲ್ಲಿಗೂ ಬನ್ನಿ ಅಂದೆ.

ಇವತ್ತು ಮಧ್ಯಾಹ್ನ ಬಂದರು. ಎತ್ತರದ ಆಳು, ದಪ್ಪ ಮೀಸೆ, ಗುಡುಗಿನಂಥ ದನಿ. ಕಥೆ ಅವರೇ ನಡೆಸಿದರು, ನಾವು ಮೂವರೂ ದೋಣಿಯಲ್ಲಿ. ದೋಣಿ ಪೆರಿಯಮ್ಮನ ದಡಕ್ಕೆ ಬಂದಾಗ ಎಲ್ಲರೂ ಮಲರ್ ಕಡೆ ನೋಡಿದೆವು. ಅವಳು ಬೇಡವೆಂದು ತಲೆಯಾಡಿಸಿದಳು. "ನೀವೇ ಮಾಡಿ ಸರ್. ನಾನು ದೋಣೀಲೇ ಇರ್ತೀನಿ."

ಈ ಮನುಷ್ಯ ಏನಾದರೂ ಕೆಡಿಸಿದರೆ ಎಬ್ಬಿಸಿ ಕಳಿಸುವುದೇ, ಅದನ್ನು ಯಾವ ಲೈಸೆನ್ಸೂ ತಡೆಯುವುದಿಲ್ಲ ಅಂದುಕೊಂಡೆ. ಚಂದ್ರಪ್ಪ ದನಿ ತಗ್ಗಿಸಲೂ ಇಲ್ಲ, ಹೆಣ್ಣಾಗಲೂ ಇಲ್ಲ. ಮಲರ್‌ಳನ್ನೇ ನೋಡಿ, "ಯಾಕವ್ವಾ, ಮಾರಿ ಹಿಂಗ್ಯಾಕ ಬಾಡೇತಿ? ಉಂಡಿಯೇನು? ಖರೇ ಹೇಳು" ಅಂದರು.

ಮಲರ್‌ಳ ತಾಯಿಯ ಮಾತಿನ ಹಾಗೆ ಅದರಲ್ಲಿ ಒಂದಕ್ಷರವೂ ಇರಲಿಲ್ಲ. ಆಗ ನನಗೆ ಹೊಳೆಯಿತು. ಇಷ್ಟು ದಿನ ಆ ಪ್ರಶ್ನೆಯನ್ನು ಮಲರ್ ನಮಗೆಲ್ಲ ಕೇಳುತ್ತಲೇ ಬಂದಿದ್ದಳು, ಅವಳನ್ನು ಯಾರೂ ಕೇಳಿರಲಿಲ್ಲ.

"ಇಲ್ಲಮ್ಮಾ" ಅಂದಳು ಮಲರ್. ಕಣ್ಣು ತುಂಬಿ ಬಂದಿತ್ತು.

ಚಂದ್ರಪ್ಪ ನೋಡಿದರು, ಆದರೆ ಆಟ ನಿಲ್ಲಿಸಲಿಲ್ಲ. "ಹಂಗಾರ ಇಲ್ಲಿ ಬಂದು ಕುಂದ್ರು" ಅಂದರು.

ಮಲರ್ ತನ್ನ ಕುರ್ಚಿಯನ್ನು ಅವರ ಪಕ್ಕಕ್ಕೆ ಎಳೆದುಕೊಂಡಳು.