ಸೋಮವಾರ ತಡೆಹಿಡಿದ ಲಕೋಟೆ

ಮೊನ್ನೆ ಅಂಚೆಯಲ್ಲಿ ಬಂದ ಕಂದು ಲಕೋಟೆಯನ್ನು ಬಿಚ್ಚುವಾಗ ಗೋಂದಿನ ವಾಸನೆ ಮೂಗಿಗೆ ಬಂತು. ಕೈ ಹಾಗೇ ನಿಂತಿತು. ಇಪ್ಪತ್ತು ವರ್ಷದ ಹಿಂದಿನ ಆ ಶ್ರಾವಣ ಸೋಮವಾರ...

ಕಾರವಾರದ ಕಾಲೇಜಿನಲ್ಲಿ ನನಗೆ ಜೀವಶಾಸ್ತ್ರ ಕಲಿಸಿದವರು ಅವರು. ಎಲ್ಲರಿಗೂ ಮೇಡಂ, ಶೆಟಗೇರಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ನನ್ನ ಬಾಯಲ್ಲಿ ಮಾತ್ರ ಅಕ್ಕೋರು. ಎದೆಯಲ್ಲಿ ಗಂಟು ಕಂಡು, ಅದರ ತುಣುಕನ್ನು ಪರೀಕ್ಷೆಗೆ ಕೊಟ್ಟಿದ್ದರು. ವರದಿ ಸಿಕ್ಕ ಕೂಡಲೇ ತಂದುಕೊಡು ಎಂದು ಆ ಸೋಮವಾರ ಬೆಳಿಗ್ಗೆ ಲ್ಯಾಬಿಗೆ ನನ್ನನ್ನೇ ಕಳಿಸಿದ್ದರು. ಲಕೋಟೆಯ ಗೋಂದು ಇನ್ನೂ ಹಸಿಯಾಗಿತ್ತು. ದಾರಿಯಲ್ಲಿ ಬಿಚ್ಚಿ ನೋಡಿದೆ. ನೋಡಬಾರದಿತ್ತು. ಅದು ಕ್ಯಾನ್ಸರ್ ಎಂದು ತಿಳಿಯುವಷ್ಟು ಇಂಗ್ಲಿಷ್ ನನಗೆ ಬರುತ್ತಿತ್ತು.

ಉಣ್ಣದವರಿಗೆ ಕೆಟ್ಟ ಸುದ್ದಿ ಹೇಳಬಾರದು ಎಂಬುದು ನಮ್ಮ ಮನೆಯ ಕಟ್ಟಳೆ. ಅಕ್ಕೋರಿಗೆ ಅವತ್ತು ಉಪವಾಸ. ವರದಿ ಇನ್ನೂ ಬಂದಿಲ್ಲವಂತೆ ಎಂದುಬಿಟ್ಟೆ.

ಅವರು ತರಗತಿಗೆ ಬಂದು ಹಲಗೆಯ ಮೇಲೆ ಜೀವಕೋಶವೊಂದನ್ನು ಬರೆದರು. ಅದರ ಹೊರಮೈಯಲ್ಲಿ ಪುಟ್ಟ ಪುಟ್ಟ ಕೊಂಡಿಗಳು, ರಿಸೆಪ್ಟರ್‌ಗಳು. ಇನ್ನು ನಿನ್ನ ಕೆಲಸ ಮುಗಿಯಿತು ಎಂಬ ಸಂದೇಶ ಹೊರಗಿನಿಂದ ಬಂದು ಕೊಂಡಿಗೆ ಸಿಕ್ಕಿಕೊಳ್ಳುತ್ತದೆ. ಕೋಶ ಅಕ್ಕಪಕ್ಕದವಕ್ಕೆ ತೊಂದರೆ ಕೊಡದೆ ತನ್ನನ್ನು ತಾನೇ ಕಳಚಿಕೊಂಡು ಸಾಯುತ್ತದೆ. ಕೊಂಡಿ ಕೆಟ್ಟರೆ ಸಂದೇಶ ಹೊರಗೇ ಉಳಿಯುತ್ತದೆ. ಸಾಯಬೇಕಾದದ್ದು ಸಾಯದೆ ಬೆಳೆಯುತ್ತದೆ, ಕೆಲವು ಗಂಟುಗಳು ಹುಟ್ಟುವುದು ಹೀಗೆಯೇ... ಅಷ್ಟು ಹೇಳಿ ಸೀಮೆಸುಣ್ಣ ಕೆಳಗಿಟ್ಟರು. ಲಕೋಟೆ ನನ್ನ ಚೀಲದಲ್ಲಿತ್ತು. ಗಂಟೆ ಬಾರಿಸುವವರೆಗೂ ನಾನು ತಲೆಯೆತ್ತಲಿಲ್ಲ.

ಮರುದಿನ ಅವರು ಊಟದ ಡಬ್ಬಿ ತೊಳೆದು ತಂದ ಮೇಲೆ ಲಕೋಟೆ ಕೊಟ್ಟೆ. ಓದಿದರು. ತಾರೀಖಿನ ಮೇಲೆ ಬೆರಳಿಟ್ಟರು.

"ನಿನ್ನೆನೇ ಕೊಡೂಕೆ ಎಂತ ಆಗಿತ್ತೇ?"

ಅಳುತ್ತ ನಮ್ಮ ಮನೆಯ ಕಟ್ಟಳೆ ಹೇಳಿದೆ. ಅವರು ವರದಿಯನ್ನು ಮಡಚಿ ಲಕೋಟೆಗೆ ಹಾಕಿದರು.

"ನಿಂದು ಊಟ ಆಯ್ತನೇ?"

ಆಗಿರಲಿಲ್ಲ. ಕ್ಯಾಂಟೀನಿಗೆ ಕರೆದೊಯ್ದು, ಎದುರು ಕುಳಿತು ಉಣಿಸಿದರು. ನಾನು ಕೈ ತೊಳೆದು ಬಂದ ಮೇಲೆಯೇ ಹೇಳಿದ್ದು:

"ಹುಬ್ಬಳ್ಳಿ ಕ್ಯಾನ್ಸರ್ ಡಾಕ್ಟ್ರು ಇಲ್ಲಿ ಬರೂದು ಸೋಮವಾರ ಮಾತ್ರ. ನಿನ್ನೆ ಬಂದು ಹೋದ್ರು."

ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಮುಂದಿನ ಸೋಮವಾರ ತೋರಿಸಿದರು; ಒಂದೂವರೆ ವರ್ಷ ಬದುಕಿದರು. ಒಂದು ವಾರ ತಡವಾದದ್ದರಿಂದ ಏನೂ ಹೆಚ್ಚುಕಡಿಮೆ ಆಗಲಿಲ್ಲ ಎಂದು, ಅವರು ತೀರಿಕೊಂಡ ಮೇಲೆ ಕೋಡಿಬಾಗದ ಅವರ ಮನೆಯಲ್ಲಿ ಅವರ ತಮ್ಮ ನನಗೆ ಸಮಾಧಾನ ಹೇಳಿದರು. ಇರಬಹುದು...

ಮೊನ್ನೆಯ ಲಕೋಟೆಯಲ್ಲಿದ್ದದ್ದು ಬರೀ ವಿಮೆಯ ಕಾಗದ. ಬೆರಳಿಗೆ ಅಂಟಿದ ಗೋಂದು ತೊಳೆದು ಊಟಕ್ಕೆ ಕುಳಿತೆ. ಊಟ ಆಯ್ತನೇ ಎಂದು ಕೇಳುವ ಅಕ್ಕೋರು ಇಲ್ಲ.