ಯಾರಿಗೆ ಸ್ಕ್ಯಾನ್, ಯಾರಿಗೆ ಬೇಡ: ಡಾ. ಶ್ರೇಣಿಕ ಚೌಗಲೆಯವರ ಸೇವೆ

ತಲೆಗೆ ಪೆಟ್ಟು ಬಿದ್ದವರನ್ನು ಕರೆತಂದ ಮನೆಯವರು ನಮ್ಮ ಸೀಮೆಯಲ್ಲಿ ಬಾಗಿಲಲ್ಲೇ ಹೇಳುವ ಮಾತು ಒಂದೇ: "ಸಾಹೇಬ್ರ, ಮೊದಲ ಫೋಟೋ ತಗೀರಿ." ಯಾರಿಗೆ ಯಾವ ಫೋಟೋ ಬೇಕು, ಯಾರಿಗೆ ಯಾವುದೂ ಬೇಡ ಎಂಬುದನ್ನು ತಾಳ್ಮೆಯಿಂದ ತೂಗಿ ಹೇಳುತ್ತ ಬಂದ ಹಿರಿಯ ಶಸ್ತ್ರವೈದ್ಯರು ಡಾ. ಶ್ರೇಣಿಕ ಚೌಗಲೆಯವರು. ಮಮದಾಪುರದ ಒಕ್ಕಲು ಮನೆತನದಲ್ಲಿ ಹುಟ್ಟಿ, ಮೂಡಲಗಿಯಲ್ಲಿ ವೃತ್ತಿಗಿಳಿದು, ಹುಕ್ಕೇರಿಯಲ್ಲಿ ಹೆಸರಾಗಿ, ೨೦೦೭ರ ಈ ಬೇಸಿಗೆಯಲ್ಲಿ ಗೋಕಾಕದಿಂದ ನಿವೃತ್ತರಾಗುತ್ತಿದ್ದಾರೆ.

ಮೂಡಲಗಿಯ ದಿನಗಳಲ್ಲಿ ದೂರದ ರೋಗಿಗಳ ಜೊತೆ ಬಂದವರಿಗೆ ಡಾಕ್ಟರ ಮನೆಯಿಂದಲೇ ರೊಟ್ಟಿ ಬರುತ್ತಿತ್ತು. ಎಷ್ಟು ಹಿಟ್ಟು ನಾದಬೇಕೆಂದು ಆಸ್ಪತ್ರೆಗೆ ಫೋನು ಮಾಡಿ ಕೇಳಬೇಕಾಗುತ್ತಿತ್ತು ಎಂದು ಅವರ ಮಡದಿ ಈಗಲೂ ನಗುತ್ತಾರೆ.

ಹುಕ್ಕೇರಿಯಲ್ಲಿ, ೧೯೯೮ರ ಒಂದು ಮಧ್ಯಾಹ್ನ, ಕಣಗಲಾದ ಮಾಳಪ್ಪ ಎಂಬ ಹಿರಿಯರು ರಕ್ತದಲ್ಲಿ ತೊಯ್ದ ಮೊಮ್ಮಗಳು ಶೈಲಾಳನ್ನು ಎತ್ತಿಕೊಂಡು ಬಂದರು. ಸಂಕೇಶ್ವರದ ಸಂತೆಯಿಂದ ಮರಳುವಾಗ ಅವರ ಎಂ-೮೦ ಗಾಡಿ ಜಾರಿತ್ತು. ಹಿಂದೆಯೇ ಮಗ ಉದ್ದಪ್ಪ, ಸೊಸೆ ಸತ್ತೆವ್ವ ಓಡಿ ಬಂದರು.

ಗಾಯಕ್ಕೆ ಹೊಲಿಗೆ ಹಾಕುತ್ತಲೇ ಡಾಕ್ಟರು ಕೇಳಿದರು: "ಏನಾತವ್ವಾ?"

"ಅಜ್ಜ ಗಾಡಿ ಕೆಡವಿದ. ನನ್ನ ಹೊಸಾ ಬಳಿ ಒಡದಾವು!"

ಹುಡುಗಿಗೆ ಎಚ್ಚರ ತಪ್ಪಿರಲಿಲ್ಲ, ವಾಂತಿಯಾಗಿರಲಿಲ್ಲ. ಬಳೆಗಳ ಬಣ್ಣವನ್ನೂ ವರ್ಣಿಸಿದಳು. ಬಾಜೂ ನಿಂತ ಮಾಳಪ್ಪ ಮಾತ್ರ "ಗಾಡಿ ಎಲ್ಲೈತಿ?" ಎಂದು ಕೇಳಿದರು. ಮಗ ಹೇಳಿದ. ಸ್ವಲ್ಪ ಹೊತ್ತಿಗೆ ಮತ್ತೆ ಅದನ್ನೇ ಕೇಳಿದರು. ಮೂರನೆಯ ಸಲ ಕೇಳಿದಾಗ ಎಲ್ಲರೂ ನಕ್ಕರು. ಡಾಕ್ಟರು ನಗಲಿಲ್ಲ.

"ಕಾಕಾ, ನೀವು ಹೆಂಗ ಬಿದ್ರಿ?"

"ನಾ ಎಲ್ಲಿ ಬಿದ್ದೇನ್ರಿ?"

ರುಮಾಲು ಬಿಚ್ಚಿ ನೋಡಿದರೆ ಕಿವಿಯ ಮೇಲೆ ದಪ್ಪನೆಯ ಬಾವು. ಅಷ್ಟರಲ್ಲಿ ಮಾಳಪ್ಪ ವಾಂತಿ ಮಾಡಿಕೊಂಡರು. ಡಾಕ್ಟರು ಬೆಳಗಾವಿಗೆ ಫೋನು ಹಚ್ಚಿ ಸಿ.ಟಿ. ಸ್ಕ್ಯಾನಿಗೆ ಹೇಳಿ, ಜೀಪು ತರಿಸಿದರು.

ಉದ್ದಪ್ಪನಿಗೆ ಸಿಟ್ಟು ನೆತ್ತಿಗೇರಿತು. "ರಕ್ತ ಸುರಿಸ್ಕೊಂಡ ಕೂಸಿನ್ನ ಇಲ್ಲೇ ಕುಂದರಿಸಿ, ನಡಕೊಂಡ ಬಂದಾವ್ರನ್ನ ಬೆಳಗಾಂವಿಗಿ ಕಳಸ್ತೀರೇನ್ರಿ? ಕೂಸಿಂದು ಎಕ್ಸ್‌ರೇನರ ತಗೀರಿ!"

"ಎಕ್ಸ್‌ರೇದಾಗ ಎಲುಬು ಕಾಣ್ತೈತಿ, ಮಿದುಳು ಕಾಣೂದಿಲ್ಲಪಾ. ಕೂಸಿಂದು ತೊಗಲು ಹರದೈತಿ, ಅದನ್ನ ಹೊಲದೇನಿ. ಸುಮ್ಮನ ಆಕಿ ತಲಿಗೆ ಆ ಕಿರಣ ಯಾಕ ಹಾಯ್ಸೋಣು? ನಿಮ್ಮಪ್ಪಾರ ತಲಿಯೊಳಗ ಏನು ನಡದೈತೋ ನನಗ ತಿಳಿವಲ್ದು. ಹೊತ್ತು ಕಳೀಬ್ಯಾಡ, ಹತ್ತು."

ಉದ್ದಪ್ಪ ಗೊಣಗುತ್ತ ತಂದೆಯೊಂದಿಗೆ ಜೀಪು ಹತ್ತಿದ. ಡಾಕ್ಟರಿಗೂ ಒಂದು ಅಳುಕು ಇತ್ತು. ಹುಡುಗಿಯ ವಿಷಯದಲ್ಲಿ ತಮ್ಮ ಅಂದಾಜು ತಪ್ಪಾದರೆ? ಅವಳನ್ನು ತಮ್ಮ ಮೇಜಿನ ಪಕ್ಕದಲ್ಲೇ ಮಲಗಿಸಿಕೊಂಡು, ಬೇರೆ ರೋಗಿಗಳ ನಡುನಡುವೆ ಎಬ್ಬಿಸಿ ಮಾತನಾಡಿಸಿದರು, ಕಣ್ಣಿಗೆ ಟಾರ್ಚು ಬಿಟ್ಟು ನೋಡಿದರು. ಸಂಜೆಗೆ ಅವಳು ಚಪಾತಿ ತಿಂದು, "ನನ್ನ ಎಷ್ಟ ಸಲ ಎಬ್ಬಸ್ತೀರಿ?" ಎಂದು ಗದರಿದಾಗ ಸತ್ತೆವ್ವ ನಾಚಿದಳು, ಡಾಕ್ಟರು ಹಗುರಾಗಿ ನಕ್ಕರು.

ತಡರಾತ್ರಿ ಬೆಳಗಾವಿಯಿಂದ ಉದ್ದಪ್ಪನ ಫೋನು ಬಂತು. ಮಾಳಪ್ಪನವರ ತಲೆಬುರುಡೆಯ ಒಳಗೆ ರಕ್ತ ಹೆಪ್ಪುಗಟ್ಟಿತ್ತು. ಆಪರೇಷನ್ ಮುಗಿದು ಅವರು ಕಣ್ಣು ತೆರೆದಿದ್ದರು. "ಸಾಹೇಬ್ರ..." ಎಂದ ಉದ್ದಪ್ಪ. "ಊಟ ಮಾಡಿಯೇನು?" ಎಂದರು ಡಾಕ್ಟರು. ತಿಂಗಳೊಪ್ಪತ್ತಿನಲ್ಲಿ ಬೋಳುತಲೆಯ ಮಾಳಪ್ಪ ಮೊಮ್ಮಗಳ ಕೈಹಿಡಿದು ಬಂದು, "ಕೂದಲಾ ಹೋದ್ರ ಹೋಗ್ಲಿ, ಮೀಸಿ ಉಳಿಸ್ಯಾರ್ರಿ" ಎಂದು ಆಸ್ಪತ್ರೆಯನ್ನೆಲ್ಲ ನಗಿಸಿದರು.

ಗೋಕಾಕಕ್ಕೆ ಬರುವ ಹೊತ್ತಿಗೆ ಎಂ.ಆರ್.ಐ. ಸುದ್ದಿ ಊರೂರಿಗೂ ಮುಟ್ಟಿತ್ತು. ದೊಡ್ಡ ಮಿಷನ್ನೇ ಬೇಕೆಂದು ಜನ ಹಟ ಹಿಡಿಯುತ್ತಿದ್ದರು. ಈಗಷ್ಟೇ ಬಿದ್ದ ಪೆಟ್ಟಿನ ರಕ್ತಸ್ರಾವವನ್ನು ಬೇಗ ತೋರಿಸಲು ಸಿ.ಟಿ. ಸಾಕೆಂದೂ, ಎಂ.ಆರ್.ಐ.ಗೆ ಅದರದೇ ಹೊತ್ತು ಬರುತ್ತದೆಂದೂ ಅವರು ಬೇಸರವಿಲ್ಲದೆ ತಿಳಿಹೇಳಿದರು.

ಪೂಜ್ಯ ಚೌಗಲೆಯವರಿಗೆ ಆಯುರಾರೋಗ್ಯಗಳು ತುಂಬಿ ಬರಲಿ. ಮೂರೂ ಊರುಗಳ ಕಿರಿಯ ವೈದ್ಯರು ಗಾಬರಿಯಿಂದ ಫೋನಾಯಿಸಿ, ಯಾವ ಸ್ಕ್ಯಾನ್ ಮಾಡಿಸಲಿ ಎಂದಾಗ, ಇನ್ನೂ ಬಹುಕಾಲ ಅತ್ತಲಿಂದ ಅದೇ ನಿಧಾನದ ದನಿ ಕೇಳುತ್ತಿರಲಿ: "ತಡೀರಿ. ಮೊದಲ ಪೇಶಂಟ್ ಜೋಡಿ ಮಾತಾಡಿದ್ರೇನು?"