ಕೆಂಪು ಹಗ್ಗದ ಮೇಲೆ ಬನಿಯನ್

ಕಳೆದ ವರ್ಷದ ಮಾತು. ನಾಸಿಕ್‌ನ ಸಾತಪುರದ ಕಾರ್ಖಾನೆಯೊಂದರಲ್ಲಿ ನಾನು ಸೇಫ್ಟಿ ಇಂಜಿನಿಯರ್. ಈಗಲೂ ಅದೇ ಹುದ್ದೆ. ನಮ್ಮ ಛತ್ರಪತಿ ಸಂಭಾಜಿನಗರದ ಘಟಕಕ್ಕೆ ಜರ್ಮನಿಯಿಂದ ಒಂದು ವಾಷಿಂಗ್ ಚೇಂಬರ್ ಬರುವುದಿತ್ತು. ಎಣ್ಣೆ ಮೆತ್ತಿದ ದೊಡ್ಡ ಬಿಡಿಭಾಗಗಳನ್ನು ಒಳಗಿಟ್ಟು ಬಾಗಿಲು ಮುಚ್ಚಿದರೆ ನಾಲ್ಕೂ ಕಡೆಯಿಂದ ಬಿಸಿನೀರು ಚಿಮ್ಮಿಸಿ ತೊಳೆಯುವ, ಆಳು ನಿಲ್ಲುವಷ್ಟು ಎತ್ತರದ ಕೋಣೆ ಅದು. ಅಲ್ಲಿಗೇ ಹೋಗಿ ಪರೀಕ್ಷಿಸಿ ಒಪ್ಪಿಗೆ ಕೊಡಲು ನನ್ನನ್ನೂ ಆ ಘಟಕದ ಮೇಂಟೆನೆನ್ಸ್ ಮ್ಯಾನೇಜರ್ ಬಿರಾದಾರರನ್ನೂ ಕಳಿಸಿದರು.

ಬಿರಾದಾರರು ಕಲಬುರಗಿ ಕಡೆಯವರು, ನಿವೃತ್ತಿಯ ಅಂಚಿನಲ್ಲಿದ್ದವರು, ಆಸ್ತಮಾ ರೋಗಿ. ನಾನು ಬೀದರಿನವ. ಅವರಿಗೆ ನಾನು ‘ತಮ್ಮಾ’, ನನಗೆ ಅವರು ‘ಕಾಕಾ’.

ಆ ದೇಶದ ಸೌಕರ್ಯಗಳೊಂದಿಗೆ ಕಾಕಾ ಅವರದು ಬಂದಿಳಿದಾಗಿನಿಂದಲೇ ಜಗಳ. ಕಾರ್ಡು ತೋರಿಸದೆ ಲಿಫ್ಟು ಮೇಲೇಳದು. ಕೈ ಒಡ್ಡದೆ ನಲ್ಲಿ ನೀರು ಬಿಡದು.

“ನೀರಿಗೂ ಕೈ ಚಾಚಿ ಬೇಡ್ಬೇಕೇನು ತಮ್ಮಾ ಇಲ್ಲಿ?”

ಹಾಸಿಗೆಯ ಮೇಲೆ ದಿಂಬುಗಳ ರಾಶಿ, ಬಚ್ಚಲಲ್ಲಿ ಒಂದು ಚೊಂಬಿಲ್ಲ. ಹಾಗಾಗಿ ಎಲ್ಲಿಗೆ ಹೋದರೂ ಅವರ ಚೀಲದಲ್ಲಿ ನೀರಿನ ಬಾಟಲಿ, ಅದರ ಪಕ್ಕದಲ್ಲಿ ಇನ್‌ಹೇಲರ್.

ಹೋಟೆಲಿನ ಬಚ್ಚಲಲ್ಲಿ ನೆಲದ ತನಕ ಇಳಿಬಿದ್ದ ಒಂದು ಕೆಂಪು ಹಗ್ಗವಿತ್ತು. ಕಾಕಾ ಅದನ್ನು ಟವೆಲ್ ಕಂಬಿಗೆ ಎಳೆದು ಕಟ್ಟಿ ಬನಿಯನ್ನು ಒಣಹಾಕಿದರು. ಅಲಾರಂ ಬಡಿದುಕೊಂಡಿತು, ಸಿಬ್ಬಂದಿ ಓಡಿ ಬಂದರು. ಬಚ್ಚಲಲ್ಲಿ ಬಿದ್ದವರು ಸಹಾಯಕ್ಕಾಗಿ ಎಳೆಯುವ ಹಗ್ಗವಂತೆ ಅದು. ಹೋಟೆಲಿನ ಮ್ಯಾನೇಜರಮ್ಮ ಅವರನ್ನು ಶಾಲೆಯ ಹುಡುಗನನ್ನು ಬೈದಂತೆ ಬೈದಳು.

“ಇನ್ನ ಈ ದೇಶದಾಗ ಕೆಂಪಂದು ಏನೂ ಮುಟ್ಟಲ್ಲ ನೋಡು ನಾ,” ಎಂದರು ಕಾಕಾ. ನಾನು ನಕ್ಕೆ.

ಅದೇ ಮಧ್ಯಾಹ್ನ ಪೇಟೆಯ ಚೌಕದಲ್ಲಿ ಅವರಿಗೆ ಅವಸರವಾಯಿತು. ಅಲ್ಲೊಂದು ಉಕ್ಕಿನ ಶೌಚಾಲಯ. ಗುಂಡಿ ಒತ್ತಿದರೆ ಬಾಗಿಲು ಸರಿಯುತ್ತದೆ. ಬಳಸಿದವರು ಹೊರಬಿದ್ದ ಮೇಲೆ ಬಾಗಿಲು ಮುಚ್ಚಿಕೊಂಡು ತನ್ನನ್ನು ತಾನೇ ತೊಳೆದುಕೊಳ್ಳುತ್ತದೆ. ಕಾಕಾ ಚೀಲವನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದರು. ಕ್ಷಣದಲ್ಲೇ ಬಾಗಿಲು ಮತ್ತೆ ಸರಿದು ಒಂದು ಕೈ ಹೊರಬಂತು.

“ಬಾಟ್ಲಿ! ಬಾಟ್ಲಿ ಮರ್ತೆ!”

ಕೊಟ್ಟೆ. ಕೈ ಒಳಗೆ ಹೋಯಿತು, ಬಾಗಿಲು ಮುಚ್ಚಿತು.

ಬಾಗಿಲು ಮೊದಲ ಸಲ ತೆರೆದರೆ ಮನುಷ್ಯ ಒಳಕ್ಕೆ, ಎರಡನೆಯ ಸಲ ತೆರೆದರೆ ಹೊರಕ್ಕೆ. ಯಂತ್ರದ ಲೆಕ್ಕ ಅಷ್ಟೇ. ಬಾಟಲಿಗಾಗಿ ಬಾಗಿಲು ತೆರೆಯುವ ಜನ ಲೋಕದಲ್ಲಿದ್ದಾರೆಂದು ಅದನ್ನು ಮಾಡಿದವರಿಗೆ ಯಾರೂ ಹೇಳಿರಲಿಲ್ಲ.

ಹೊರಗೆ ಕೆಂಪು ದೀಪ ಹೊತ್ತಿತು. ಒಳಗೆ ನೀರು ರಭಸದಿಂದ ಬಡಿಯುವ ಸದ್ದು.

“ತಮ್ಮಾ! ನೀರ್ ಬರ್ಲತ್ತದ! ದೀಪ ಹೋಗ್ಯಾದ!”

ಬಾಗಿಲ ಸಂದಿಯಿಂದ ತೊಳೆಯುವ ಔಷಧಿಯ ಘಾಟು ಮೂಗಿಗೆ ಬಡಿಯಿತು. ಒಳಗೆ ಕಾಕಾ ಅವರ ಕೆಮ್ಮು ಶುರುವಾಯಿತು, ನಿಲ್ಲಲಿಲ್ಲ. ಇನ್‌ಹೇಲರ್ ನನ್ನ ಕೈಯಲ್ಲಿದ್ದ ಚೀಲದಲ್ಲಿ, ಅವರು ಉಕ್ಕಿನ ಆಚೆ. ಗುಂಡಿ ಒತ್ತಿದೆ, ಬಾಗಿಲು ಗುದ್ದಿದೆ. ಯಂತ್ರ ತನ್ನ ಭಾಷೆಯಲ್ಲಿ ಏನನ್ನೋ ಸೌಜನ್ಯದಿಂದ ಹೇಳಿತು. ಆಗ ಹೋಟೆಲಿನ ಹಗ್ಗ ನೆನಪಾಯಿತು.

“ಕಾಕಾ, ಒಳಗ ಹಗ್ಗ ಇರ್ತದ, ಹುಡುಕಿ ಜಗ್ರಿ!”

“ಕೈಯಾಗೇ ಹಿಡ್ದೀನಿ… ಅದೇ ಕೆಂಪು ಹಗ್ಗ… ಮತ್ತ ಬೈತಾರ!”

“ಬೈಲಿ! ನಾ ಬೈಸ್ಕೋತೀನಿ, ಜಗ್ರಿ!”

ಒಳಗಿನ ಕೆಮ್ಮು ನಿಂತಿತು. ನಾನು ಈಗಲೂ ಬೆಚ್ಚಿ ಬೀಳುವುದು ಆ ಮೌನಕ್ಕೆ.

ಆಮೇಲೆ ಹಗ್ಗದ ಗಂಟೆ ಹೊಡೆಯಿತು, ನೀರು ನಿಂತಿತು, ಬಾಗಿಲು ಸರಿಯಿತು. ಕಾಕಾ ಮೂಲೆಯಲ್ಲಿ ಕುಸಿದಿದ್ದರು. ತುಟಿ ನೀಲಿಗಟ್ಟಿತ್ತು, ಒಂದು ಕೈಯಲ್ಲಿ ಹಗ್ಗ, ಇನ್ನೊಂದರಲ್ಲಿ ಬಾಟಲಿ. ಇನ್‌ಹೇಲರ್ ಒತ್ತಿದೆ, ಮತ್ತೆ ಒತ್ತಿದೆ. ಬಹಳ ಹೊತ್ತಿನ ಮೇಲೆ ಬೆಂಚಿನ ಮೇಲೆ ಕೂತು ಅವರು ಆಡಿದ ಮೊದಲ ಮಾತು: “ಪಾರ್ಟ್ ಸ್ವಚ್ಛ ಆಗ್ಯಾದೇನ್ ನೋಡಿ ಸಹಿ ಹಾಕು ತಮ್ಮಾ.”

ಮರುದಿನ ನಮ್ಮ ಚೇಂಬರಿನೊಳಗೆ ನಿಂತು ನೋಡಿದೆ. ಹಗ್ಗವಿರಲಿಲ್ಲ. ಅದನ್ನು ಹಾಕುವವರೆಗೂ ನಾನು ಸಹಿ ಮಾಡಲಿಲ್ಲ.

ಊರಿಗೆ ಬಂದ ಮೇಲೂ ಬಚ್ಚಲಲ್ಲಿ ನೀರಿನ ಸದ್ದಾದರೆ ಹೋಗಿ ಬಾಗಿಲು ತಟ್ಟುತ್ತೇನೆ. “ಜೀವಂತ ಇದ್ದೀನಿ, ಹೋಗ್ರಿ,” ಎನ್ನುತ್ತಾಳೆ ಹೆಂಡತಿ.

ಚೇಂಬರ್ ಸಂಭಾಜಿನಗರಕ್ಕೆ ಬಂದ ಹೊಸತರಲ್ಲೇ, ನಾನು ಅಲ್ಲಿಗೆ ಹೋಗಿದ್ದಾಗ, ಆಪರೇಟರನೊಬ್ಬ ಅದರ ಕೆಂಪು ಹಗ್ಗದ ಮೇಲೆ ಒದ್ದೆ ಕೈಗವಸು ಒಣಹಾಕಿದ. ಸೈರನ್ ಕೂಗಿತು, ಕೆಲಸ ನಿಂತಿತು. ಸೂಪರ್‌ವೈಸರ್ ಬೈಯಲು ಬಾಯಿ ತೆರೆದಿದ್ದ. ಅಷ್ಟರಲ್ಲಿ ಬಿರಾದಾರರು ಅಡ್ಡ ಬಂದು ಮರಾಠಿಯಲ್ಲಿ ತಡೆದರು. ಸುಳ್ಳು ಅಲಾರಮ್ಮಿಗೆ ಬೈಸಿಕೊಂಡ ಕೈ ನಿಜವಾದ ಹೊತ್ತಿಗೆ ಹಿಂಜರಿಯುತ್ತದೆ ಎಂಬುದು ಸೇಫ್ಟಿಯ ಯಾವ ತರಬೇತಿಯಲ್ಲೂ ನಾನು ಕಲಿತಿರದ ಪಾಠ. ಕಾಕಾ ಅದನ್ನು ಕತ್ತಲಲ್ಲಿ ಉಸಿರು ಕಟ್ಟಿ ಕಲಿತಿದ್ದರು.

ನನ್ನ ಕಡೆ ತಿರುಗಿ ಅವರು ಹೇಳಿದ್ದು ಇಷ್ಟೇ: “ಇವ್ರಿಗಿ ಒಣಹಾಕ್ಲಿಕ್ಕ ಬ್ಯಾರೆ ಹಗ್ಗ ಕಟ್ಟಿಸು ತಮ್ಮಾ.”